ಮಂಜಿನ ಸಿಗ್ನಲ್

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟು ನಿಖರವಾಗಿ ಹೇಳಬಲ್ಲೆ, ಯಾಕೆಂದರೆ ಆಗ ಅಪ್ಪನ ಡ್ಯೂಟಿ ಗಡಿಯಾರ ನನ್ನ ಎಡಗೈಯಲ್ಲಿತ್ತು. ಬಿಸಿಲಿಗೆ ಇಡಬೇಡ, ಹಿಡಿದುಕೊಂಡಿರು ಎಂದು ಅಮ್ಮ ಕೊಟ್ಟಿದ್ದಳು. ಬಲಗೈಯಲ್ಲಿ ಒಂದು ತಗಡಿನ ಡಬ್ಬಿ. ಮುಚ್ಚಳದ ಬಣ್ಣ ಅರ್ಧ ಸುಲಿದು ಹೋಗಿತ್ತು. ಉಳಿದ ಅರ್ಧದಲ್ಲಿ ಕೆಂಪು ಬಣ್ಣದ ಇಂಗ್ಲಿಷ್ ಅಕ್ಷರಗಳು. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಇಬ್ಬರೇ: ಒಳಗೆ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ ಅಪ್ಪ, ಮತ್ತು ಹನ್ನೆರಡು ವರ್ಷದ ನಾನು.

“ಏನೇ ಬರ್ದಿದೆ ಅದ್ರ ಮೇಲೆ?” ಅಂದಳು ಅಮ್ಮ, ದನಿ ತಗ್ಗಿಸಿ.

“ಫಾಗ್ ಸಿಗ್ನಲ್ಸ್ ಅಂತಮ್ಮ.”

“ಅಂದ್ರೆ?”

“ಫಾಗ್ ಅಂದ್ರೆ ಮಂಜು. ಮಂಜಿನ ಸಿಗ್ನಲ್.”

“ಅದಕ್ಕೇ ನೋಡು ಇಷ್ಟು ತೇವ ಕುಡ್ದಿದೆ. ತೆಗಿ, ಬಿಸಿಲಿಗೆ ಹಾಕೋಣ.”

ಆಮೇಲೆ ನಾನು ಬಿ.ಎ. ಮಾಡಿದೆ, ಎಂ.ಎ. ಮಾಡಿದೆ, ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದೆ. ಇವತ್ತಿಗೂ ಆ ಅನುವಾದದಲ್ಲಿ ತಪ್ಪು ಹುಡುಕಲಾರೆ. ಪದಕ್ಕೆ ಪದ ಸರಿಯಾಗಿತ್ತು.

ನಾವಿದ್ದದ್ದು ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಹಂಡೆ ಒಲೆಯ ಬಚ್ಚಲು, ಮುಂದೆ ಒಂದು ಚಪ್ಪಡಿ ಕಲ್ಲು. ಗೂಡ್ಸ್ ಗಾಡಿ ಹಿಂದೆಮುಂದೆ ಸರಿದು ಶಂಟಿಂಗ್ ಮಾಡುವಾಗ ಗೂಡಿನಲ್ಲಿಟ್ಟ ಲೋಟಗಳು ತಾವಾಗಿಯೇ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಪ್ಪ ಗೂಡ್ಸ್ ಗಾರ್ಡ್. ಗಾಡಿಯ ಕಟ್ಟಕಡೆಗೆ ಸಿಕ್ಕಿಸುವ ಬ್ರೇಕ್‌ವ್ಯಾನಿನಲ್ಲಿ ಒಬ್ಬನೇ ಕೂತು, ಇಡೀ ಗಾಡಿಯ ಬೆನ್ನು ಕಾಯುವ ಕೆಲಸ. ಅದರಲ್ಲೊಂದು ಕಬ್ಬಿಣದ ಚಕ್ರವಿರುತ್ತದೆ. ಇಳಿಜಾರಿನಲ್ಲಿ ಎಂಜಿನ್ ಸೀಟಿ ಹಾಕಿದರೆ ಅದನ್ನು ಗರಗರ ತಿರುಗಿಸಿ ಬ್ರೇಕ್ ಬಿಗಿ ಮಾಡಬೇಕು. ದೀಪವಿಲ್ಲ, ಫ್ಯಾನಿಲ್ಲ, ಮಲಗಲು ಜಾಗವಿದ್ದರೂ ಮಲಗುವಂತಿಲ್ಲ. ನಮ್ಮ ಪಕ್ಕದ ಗೋಡೆಯಾಚೆ ದೊರೆಸ್ವಾಮಿಯವರ ಮನೆ. ಅವರೂ ಗಾರ್ಡೇ, ಆದರೆ ಪ್ಯಾಸೆಂಜರ್ ಗಾಡಿಗೆ. ಅದೇ ಬಿಳಿ ಕೋಟು, ಅದೇ ಹಸಿರು ಕೆಂಪು ಬಾವುಟ, ಅದೇ ಸೀಟಿ. ಒಂದೇ ಗೋಡೆಯ ಎರಡು ಪಕ್ಕದಲ್ಲಿ ಎರಡು ಬೇರೆ ಬದುಕು.

ಆ ಎರಡು ಬದುಕನ್ನು ಹೋಲಿಸುವುದೇ ಅಮ್ಮನ ದಿನನಿತ್ಯದ ಪೂಜೆಯಾಗಿತ್ತು. ಮೂಲ ಸಂಬಳದಲ್ಲಿ ವ್ಯತ್ಯಾಸ ಹೆಚ್ಚಿರಲಿಲ್ಲ. ವ್ಯತ್ಯಾಸವೆಲ್ಲ ಮೈಲೇಜಿನಲ್ಲಿ. ಗಾಡಿ ಎಷ್ಟು ಮೈಲಿ ಓಡಿತೋ ಅಷ್ಟಕ್ಕೆ ಮೇಲೊಂದಿಷ್ಟು ಕಾಸು. ಪ್ಯಾಸೆಂಜರ್ ಗಾಡಿ ಹೊತ್ತಿಗೆ ಸರಿಯಾಗಿ ಓಡಿ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿತ್ತು. ಗೂಡ್ಸ್ ಗಾಡಿ ಮೇಲ್ ರೈಲು ಬಂತೆಂದು ಪಕ್ಕದ ಲೈನಿಗೆ ಸರಿದು, ಪ್ಯಾಸೆಂಜರ್ ಬಂತೆಂದು ಇನ್ನಷ್ಟು ಹೊತ್ತು ನಿಂತು, ಯಾವುದೋ ಬಯಲ ನಡುವೆ ಅರ್ಧ ದಿನ ಕಳೆಯುತ್ತಿತ್ತು. ನಿಂತ ಹೊತ್ತಿಗೂ ಏನೋ ಒಂದು ಲೆಕ್ಕವಿತ್ತಂತೆ, ಆದರೆ ಅದು ಓಡಿದ ಮೈಲಿಗೆ ಸಮ ಬರುತ್ತಿರಲಿಲ್ಲ. “ನಿಂತ ಗಾಡಿಗೆ ಮೈಲಿ ಇಲ್ಲ ಕಣೇ,” ಎಂದು ಅಪ್ಪ ನಗುತ್ತಿದ್ದ. ಅಮ್ಮನಿಗೆ ನಗು ಬರುತ್ತಿರಲಿಲ್ಲ. ಅವಳ ಲೆಕ್ಕ ಕಾಸಿನದೂ ಅಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನನ್ನ ಕೈಯಿಂದ ಸುಣ್ಣದ ಕಡ್ಡಿಯಲ್ಲಿ ಎರಡು ಸಾಲು ಬರೆಸಿದ್ದಳು: ‘ನಾವು’, ‘ಅವರು’. ಗಂಡಸು ಮನೆಯಲ್ಲಿ ಮಲಗಿದ ಪ್ರತಿ ರಾತ್ರಿಗೆ ಒಂದು ಗೀಟು. ತಿಂಗಳ ಕೊನೆಗೆ ಅವರ ಸಾಲು ಬೇಲಿಯ ಹಾಗೆ ಕಾಣುತ್ತಿತ್ತು. ನಮ್ಮದು ಬೇಲಿ ಮುರಿದು ದನ ನುಗ್ಗಿದ ಹೊಲದ ಹಾಗೆ.

ಕೋಗಿಲು ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಈ ಲೆಕ್ಕ ಬೇಕೇ ಇರಲಿಲ್ಲ.

“ಇಂಗ್ಲೀಸು ಓದಿ ಗಾರ್ಡ್ ಆದ. ನಮ್ಮೂರಾಗೆ ಎಮ್ಮೆ ಕಾಯೋನು ವಾಸಿ, ಒತ್ತು ಮುಳುಗಿದ್ರೆ ಎಮ್ಮೇನೇ ಅವ್ನ ಮನೇಗ್ ಒಡ್ಕೊಂಡ್ ಬತ್ತದೆ,” ಎನ್ನುತ್ತಿದ್ದಳು.

ಅಪ್ಪ ಹಗಲು ಮಲಗಿದಾಗ ನಮ್ಮ ಮನೆಗೆ ಬೇರೆಯೇ ಶಾಸ್ತ್ರ. ದೇವರ ಗಂಟೆಯ ನಾಲಗೆಗೆ ಬಟ್ಟೆ ಸುತ್ತುತ್ತಿದ್ದೆವು. ಒಗ್ಗರಣೆ ಹಾಕುತ್ತಿರಲಿಲ್ಲ, ಸಾಸಿವೆ ಸಿಡಿಯುತ್ತದೆಂದು. ನಾಲ್ಕು ವರ್ಷದ ತಮ್ಮ ಸೀನ ಅತ್ತರೆ ನಾನು ಅವನನ್ನು ಎತ್ತಿಕೊಂಡು ಬೀದಿ ಕೊನೆಗೆ ಓಡಬೇಕು. ಒಗ್ಗರಣೆಯಿಲ್ಲದ ಸಾರಿಗೆ ನಾವು ‘ಡ್ಯೂಟಿ ಸಾರು’ ಎಂದು ಹೆಸರಿಟ್ಟಿದ್ದೆವು.

ಆ ಭಾನುವಾರ ಅಪ್ಪ ಎರಡು ರಾತ್ರಿ ಕಳೆದು ಬೆಳಿಗ್ಗೆ ಮನೆಗೆ ಬಂದಿದ್ದ. ಜೊತೆಗೆ ಅವನ ಕಬ್ಬಿಣದ ಪೆಟ್ಟಿಗೆ. ಗಾರ್ಡಿನ ಪೆಟ್ಟಿಗೆ ಸ್ಟೇಷನ್ನಿನಲ್ಲೇ ಇರಬೇಕಾದದ್ದು, ಮನೆಗೆ ತರುವಂತಿಲ್ಲ. ಆದರೆ ಸೋಮವಾರ ತಪಾಸಣೆಯಿತ್ತು. ಪ್ಯಾಸೆಂಜರ್ ಗಾಡಿಗೆ ಬಡ್ತಿ ಕೊಡಲು ನಾಲ್ಕು ಹೆಸರು ಆರಿಸಿದ್ದರು, ಅದರಲ್ಲಿ ಅಪ್ಪನದೊಂದು. ದಾರಿಯಲ್ಲಿ ಬಿದ್ದ ಬೇಸಿಗೆಯ ಮಳೆಗೆ ಬ್ರೇಕ್‌ವ್ಯಾನಿನ ತಗಡು ಸೋರಿ, ಪೆಟ್ಟಿಗೆಯೊಳಗಿನ ಎಲ್ಲವೂ ತೊಯ್ದಿತ್ತು. ಒಂದು ಗಳಿಗೆ ಮಲಗಿ ಎದ್ದು ಒಣಗಿಸುತ್ತೇನೆ ಎಂದವನು ಚಾಪೆಗೆ ತಲೆ ಇಟ್ಟೊಡನೆ ಕಲ್ಲಾದ. ಅಮ್ಮ ಪೆಟ್ಟಿಗೆಯನ್ನೂ ಬಾಗಿಲ ಹಿಂದಿನ ಗೀಟುಗಳನ್ನೂ ನೋಡಿದಳು. ಅಪ್ಪನನ್ನು ಎಬ್ಬಿಸದೆ ತಾನೇ ಎಲ್ಲ ಮಾಡಿ ಮುಗಿಸಬೇಕೆಂದು ಅವಳಿಗೆ ಅನ್ನಿಸಿದ್ದು ಆಗಲೇ.

ಬಾವುಟಗಳನ್ನು ಸೀಗೆಯಲ್ಲಿ ಒಗೆದಳು. ಲಾಂದ್ರದ ಗಾಜಿಗೆ ಬೂದಿ ಹಾಕಿ ತಿಕ್ಕಿದಳು. ಡಬ್ಬಿ ತೆಗೆದಾಗ ಒಳಗೆ ಹತ್ತು ಬಿಲ್ಲೆಗಳು. ದೊಡ್ಡ ರೂಪಾಯಿಗಿಂತ ಅಗಲ, ನಶ್ಯದ ಡಬ್ಬಿಯಷ್ಟು ದಪ್ಪ, ಎರಡು ಪಕ್ಕಕ್ಕೂ ಸೀಸದ ಮೆತ್ತನೆಯ ಪಟ್ಟಿ. ಮನೆಮುಂದೆ ಹಗ್ಗದ ಮಂಚದ ಮೇಲೆ ಹಳೆಯ ಪಂಚೆ ಹಾಸಿ ಅವತ್ತೇ ಅಕ್ಕಿ ಸಂಡಿಗೆ ಇಟ್ಟಿದ್ದೆವು. ಪಂಚೆಯ ಒಂದು ಅಂಚಿನಲ್ಲಿ ಜಾಗ ಉಳಿದಿತ್ತು. ಹತ್ತು ಮಂಜಿನ ಸಿಗ್ನಲ್‌ಗಳನ್ನು ನಾನೇ ಸಾಲಾಗಿ ಜೋಡಿಸಿದೆ. ಬಿಳಿ ಸಂಡಿಗೆಯ ಪಕ್ಕ ಅವೂ ಒಂದು ಜಾತಿಯ ಸಂಡಿಗೆಯೇ ಎಂಬಂತೆ ಕೂತವು.

ಅಜ್ಜಿ ಒಂದನ್ನು ಎತ್ತಿ ನೋಡಿದಳು.

“ಪಟ್ಟಿ ಎಲ್ಲ ಸೊಟ್ಟಗಾಗವಲ್ಲೇ. ನಾಳೆ ಸಾಯೇಬ್ರು ಇಂಗೇ ನೋಡ್ಬೇಕಾ? ತಾ, ತಟ್ಟಿ ನೆಟ್ಟಗ್ ಮಾಡ್ಕೊಡ್ತೀನಿ.”

“ಅತ್ತೆ, ಸದ್ದಾಗುತ್ತೆ. ಮಲಗಿದಾರೆ,” ಅಂದಳು ಅಮ್ಮ.

“ಸದ್ದಾಗ್ದಂಗೆ ಮಾಡ್ತೀನಿ ಸುಮ್ಕಿರು.”

ಅಜ್ಜಿ ಒಳಕಲ್ಲಿನ ಗುಂಡನ್ನು ತಂದಳು. ಮಗನ ನಿದ್ದೆ ಕೆಡಬಾರದೆಂದು ಅದಕ್ಕೆ ತನ್ನ ಹಳೆಯ ಸೀರೆಯ ತುಂಡನ್ನು ಮೂರು ಸುತ್ತು ಸುತ್ತಿದಳು. ಚಪ್ಪಡಿ ಕಲ್ಲಿನ ಮೇಲೆ ಬಿಲ್ಲೆ ಇಟ್ಟು, ಪಟ್ಟಿಯ ಮೇಲೆ ಮೆಲ್ಲಗೆ ಒಂದು ತಟ್ಟು. ಇನ್ನೊಂದು. ಪಟ್ಟಿ ನೆಟ್ಟಗಾಯಿತು. ನನ್ನ ಕಡೆ ನೋಡಿ, ನೋಡಿದ್ಯಾ ಎಂಬಂತೆ ಹುಬ್ಬು ಹಾರಿಸಿದಳು. ಹಾಗೆ ನನ್ನನ್ನು ನೋಡುತ್ತಿದ್ದಾಗಲೇ ಮೂರನೆಯ ಪೆಟ್ಟು ಪಟ್ಟಿ ತಪ್ಪಿ ಬಿಲ್ಲೆಯ ಮೇಲೆ ಬಿತ್ತು.

ಸದ್ದು ನನಗೆ ನೆನಪಿಲ್ಲ. ಎಲ್ಲರೂ ಸದ್ದಿನ ವಿಷಯವೇ ಹೇಳುತ್ತಾರೆ, ಸ್ಟೇಷನ್ನಿನವರೆಗೂ ಕೇಳಿಸಿತಂತೆ. ನನಗೆ ನೆನಪಿರುವುದು ಸದ್ದಿಲ್ಲದ ಒಂದು ಚಿತ್ರ: ಅಜ್ಜಿ ಕೂತಲ್ಲೇ ಕೂತಿದ್ದಾಳೆ, ಗುಂಡುಕಲ್ಲು ಎರಡು ಮಾರು ದೂರ ಬಿದ್ದಿದೆ, ಸೀರೆಯ ತುಂಡು ಹೊಗೆಯಾಡುತ್ತಿದೆ, ಅಜ್ಜಿ ತನ್ನ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಾಳೆ. ಬಾಗಿಲ ಚೌಕಟ್ಟಿನಲ್ಲಿ, ಸರಿಯಾಗಿ ಸೀನನ ತಲೆಯ ಎತ್ತರಕ್ಕೆ, ತಗಡಿನ ಒಂದು ಚೂರು ನಾಟಿಕೊಂಡಿದೆ. ಸೀನ ಅದರಿಂದ ಒಂದು ಗೇಣು ಈಚೆ ನಿಂತಿದ್ದಾನೆ. ಆ ಒಂದು ಗೇಣನ್ನು ನಾನು ಎಷ್ಟು ಸಲ ಅಳೆದಿದ್ದೇನೋ. ಬಸ್ಸಿನಲ್ಲಿ, ಪರೀಕ್ಷಾ ಕೊಠಡಿಯಲ್ಲಿ, ನನ್ನ ಮಗುವಿನ ತೊಟ್ಟಿಲ ಪಕ್ಕದಲ್ಲಿ.

ಆಮೇಲೆ ಕಿವಿ ಮತ್ತೆ ಕೇಳಿಸತೊಡಗಿತು. ಒಳಗಿನಿಂದ ಅಪ್ಪನ ಕೂಗು. ನಾನು ಓಡಿದೆ. ಅಪ್ಪ ಎದ್ದು ನಿಂತಿದ್ದ, ಆದರೆ ಎಚ್ಚರವಿರಲಿಲ್ಲ. ಕಿಟಕಿಯ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಇಲ್ಲದ ಚಕ್ರವನ್ನು ಇದ್ದ ಬಲವನ್ನೆಲ್ಲ ಹಾಕಿ ತಿರುಗಿಸುತ್ತಿದ್ದ. ಅಂಗೈ ಸುಲಿಯುತ್ತಿತ್ತು.

“ನಿಲ್ತಿಲ್ಲ! ನಿಲ್ತಿಲ್ಲ ಕಣ್ರೋ!”

ಪ್ಯಾಸೆಂಜರ್‌ಗೂ ಗೂಡ್ಸಿಗೂ ವ್ಯತ್ಯಾಸವೇನು ಎಂದು ನಾನು ಬಾಗಿಲ ಹಿಂದೆ ಒಂದು ವರ್ಷ ಗೀಟು ಎಳೆದಿದ್ದೆ. ಆ ಗಳಿಗೆಯಲ್ಲಿ ಅದು ಕಣ್ಣಿಗೆ ಬಿತ್ತು. ಅಪ್ಪ ಮನೆಯಲ್ಲಿ ಮಲಗಿದ್ದ ರಾತ್ರಿಗಳಲ್ಲೂ ಮನೆಯಲ್ಲಿ ಮಲಗಿರಲಿಲ್ಲ. ನಮ್ಮ ಸಾಲಿನ ಅಷ್ಟಿಷ್ಟು ಗೀಟುಗಳೂ ಸುಳ್ಳು.

ಅವನ ಬೆನ್ನು ತಟ್ಟಿ ಎಚ್ಚರಿಸಿದ್ದು ಪಕ್ಕದ ಮನೆಯಿಂದ ಓಡಿಬಂದ ದೊರೆಸ್ವಾಮಿಯವರು. ಅವರಿಗೆ ಸದ್ದು ಕೇಳಿದೊಡನೆ ಗೊತ್ತಾಗಿತ್ತು. ರೈಲ್ವೆಯವರು ತಮ್ಮತಮ್ಮಲ್ಲೇ ಆ ಬಿಲ್ಲೆಯನ್ನು ‘ಪಟಾಕಿ’ ಎನ್ನುತ್ತಿದ್ದರು. ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತರೆ ಗಾರ್ಡು ಕತ್ತಲಲ್ಲಿ ಹಿಂದಕ್ಕೆ ಅಷ್ಟು ದೂರ ನಡೆದು ಹಳಿಗೆ ಅದನ್ನು ಕಟ್ಟಿ ಬರಬೇಕು. ಹಿಂದೆ ಬರುವ ಎಂಜಿನ್ ಅದರ ಮೇಲೆ ಹರಿದಾಗ ಸಿಡಿಯುತ್ತದೆ, ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. ದೀಪ ಕಾಣದಷ್ಟು ಮಂಜಿದ್ದಾಗಲೂ ಅದೇ ಗತಿ. ಅದಕ್ಕೇ ಆ ಹೆಸರು. ನಾವು ಹೆದರಿಕೊಳ್ಳುತ್ತೇವೆಂದು ಅಪ್ಪ ಮನೆಯಲ್ಲಿ ಆ ಮಾತನ್ನು ಒಂದು ದಿನವೂ ಆಡಿರಲಿಲ್ಲ. ಅವನು ಮುಚ್ಚಿಟ್ಟ ಪದವನ್ನು ನಾನು ಅನುವಾದ ಮಾಡಿದ್ದೆ.

ಅಜ್ಜಿಯನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕಲ್ಲಿಗೆ ಸುತ್ತಿದ್ದ ಬಟ್ಟೆ ಕೈಯನ್ನು ಉಳಿಸಿತು ಎಂದರು ಡಾಕ್ಟರು. ಹೆಬ್ಬೆರಳ ಬುಡದಲ್ಲಿ ಹೊಲಿಗೆ, ಬಲಗಿವಿ ಪೂರ್ತಿ ಕಿವುಡು. ಮಗನ ನಿದ್ದೆಗೆಂದು ಸುತ್ತಿದ ಬಟ್ಟೆ ಅದು.

ಅಪ್ಪ ಆಸ್ಪತ್ರೆಯಿಂದ ಬಂದವನೇ ಬಿಲ್ಲೆಗಳನ್ನು ಎಣಿಸತೊಡಗಿದ. ಗಲಾಟೆಯಲ್ಲಿ ಮಂಚ ಉರುಳಿತ್ತು. ನೆಲದ ಮೇಲೆ, ಚರಂಡಿಯ ಅಂಚಿನಲ್ಲಿ, ಹೂವಿನ ಗಿಡದ ಬುಡದಲ್ಲಿ ಹುಡುಕಿ ಹುಡುಕಿ ಡಬ್ಬಿಗೆ ಹಾಕಿದ. ಎಂಟು. ಸಿಡಿದದ್ದು ಒಂದು. ಹತ್ತನೆಯದು ಇರಲಿಲ್ಲ.

ಅಮ್ಮನ ಮುಖದಲ್ಲಿ ರಕ್ತವಿಲ್ಲದಂತಾದದ್ದು ಆಗ. ಸಿಡಿದಾಗಲೂ ಹಾಗಾಗಿರಲಿಲ್ಲ. ಹಂಡೆ ಒಲೆಗೆ ಸೌದೆ, ತೆಂಗಿನ ಮಟ್ಟೆ, ಬೀದಿಯಲ್ಲಿ ಆಯ್ದ ಕಲ್ಲಿದ್ದಲ ಚೂರು, ಎಲ್ಲವನ್ನೂ ಅವಳು ಬಾಚಿ ಹಾಕುತ್ತಿದ್ದಳು. ಅದರಲ್ಲೆಲ್ಲಾದರೂ ಸೇರಿಕೊಂಡಿದ್ದರೆ? ಅವತ್ತು ನಮ್ಮ ಮನೆಯ ಎರಡೂ ಒಲೆ ಆರಿದವು. ಸೌದೆಯನ್ನು ಒಂದೊಂದಾಗಿ ಎತ್ತಿ ಅಂಗಳಕ್ಕೆ ಹಾಕಿದೆವು. ಬೂದಿಯನ್ನು ಜರಡಿ ಹಿಡಿದೆವು. ಅಕ್ಕಿ, ರಾಗಿ, ಹುಣಸೆಹಣ್ಣಿನ ಮಡಕೆ ಎಲ್ಲವನ್ನೂ ಮೊರಕ್ಕೆ ಸುರಿದು ನೋಡಿದೆವು.

“ಸೀನಾ, ನೀನು ತಗೊಂಡ್ಯಾ ಮರಿ? ಬಯ್ಯಲ್ಲ, ಹೇಳು,” ಎಂದು ಅಪ್ಪ ಕುಕ್ಕುರುಗಾಲಲ್ಲಿ ಕೂತು ಕೇಳಿದ.

“ನಾನು ಸಂಡಿಗೆ ಮಾಡ್ದೆ,” ಅಂದ ಸೀನ.

“ಸಂಡಿಗೆ ಆಮೇಲೆ ತಿನ್ನೋಣ. ಬಿಲ್ಲೆ ಎಲ್ಲಿ?”

“ಸಂಡಿಗೆ ಮಾಡ್ದೆ,” ಎಂದು ಮತ್ತೆ ಹೇಳಿ ಅಳತೊಡಗಿದ. ಮಗು ಹೆದರಿ ಏನೋ ಬಡಬಡಿಸುತ್ತಿದೆ ಎಂದುಕೊಂಡೆವು. ಅವನು ಹೇಳಿದ್ದನ್ನೂ ನಾವು ಪದಕ್ಕೆ ಪದ ಕೇಳಿಸಿಕೊಂಡೆವು, ಅರ್ಥ ಮಾತ್ರ ಕೇಳಿಸಿಕೊಳ್ಳಲಿಲ್ಲ.

ಸಂಜೆ ದೊರೆಸ್ವಾಮಿಯವರು ಬಂದು ಬಾಗಿಲು ಹಾಕಿಕೊಂಡು ಅಪ್ಪನ ಎದುರು ಕೂತರು.

“ನಂಜಪ್ಪ, ನನ್ನ ಡಬ್ಬಿಯಿಂದ ಎರಡು ತಗೋ. ನನ್ನ ಪೆಟ್ಟಿಗೆ ಹೋದ ತಿಂಗಳೇ ನೋಡಾಯ್ತು, ಇನ್ನಾರು ತಿಂಗಳು ಯಾರೂ ಕೇಳಲ್ಲ. ನಾಳೆ ಹತ್ತು ತೋರಿಸು, ಪ್ಯಾಸೆಂಜರ್ ಗಾಡಿ ತಗೋ, ಮುಗೀತು.”

“ತಗೊಳ್ರೀ,” ಅಂದಳು ಅಮ್ಮ. ಅವಳ ದನಿಯಲ್ಲಿ ಅಷ್ಟು ಆಸೆಯನ್ನು ನಾನು ಕೇಳಿರಲಿಲ್ಲ. “ದಿನಾ ರಾತ್ರಿ ಮನೇಲಿರ್ತೀರ. ದಮ್ಮಯ್ಯ, ತಗೊಳ್ರೀ.”

ಅಪ್ಪ ಸುಲಿದ ಅಂಗೈಗೆ ಊದಿಕೊಂಡ.

“ನಾಳೆ ನಿಮ್ಮ ಗಾಡಿ ನಡುದಾರೀಲಿ ನಿಂತ್ರೆ ಹಳಿಗೆ ಏನ್ ಕಟ್ತೀರಿ ಸ್ವಾಮಿ? ಕಡ್ಲೆಪುರಿನಾ?”

“ನನ್ನ ಗಾಡಿ ಯಾವತ್ತು ನಿಂತಿದೆಯೋ!”

“ನಿಂತ ದಿನ ಅದ್ರಲ್ಲಿ ಮುನ್ನೂರು ಜನ ಇರ್ತಾರೆ. ಬೇಡ. ಅಲ್ದೆ ಡಬ್ಬಿ ತುಂಬ್ತು ಅಂತ ನಾವು ಹುಡ್ಕೋದು ಬಿಟ್ಬಿಡ್ತೀವಿ. ಅದು ಈ ಮನೇಲೇ ಇದೆ, ಒಲೆ ಹಚ್ಚೋದನ್ನೇ ಕಾಯ್ತಿದೆ.”

ಅಮ್ಮ ಎದ್ದು ಅಡುಗೆಮನೆಗೆ ಹೋಗಿ, ಒಲೆಯಿಲ್ಲದ ಅಡುಗೆಮನೆಯಲ್ಲಿ ಕತ್ತಲಾಗುವವರೆಗೂ ಕೂತಿದ್ದಳು.

ಸೋಮವಾರ ಅಪ್ಪ ಎಂಟು ಬಿಲ್ಲೆಯ ಡಬ್ಬಿ ಹೊತ್ತು ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಪೆಟ್ಟಿಗೆಯನ್ನು ಮನೆಗೆ ಒಯ್ದದ್ದು, ಒಂದು ಸಿಡಿದದ್ದು, ಒಂದು ಕಾಣದಿರುವುದು. ತಪಾಸಣೆಗೆ ಬಂದ ಅಧಿಕಾರಿ ಬಯ್ಯಲಿಲ್ಲವಂತೆ. ಕನ್ನಡಕ ತೆಗೆದು ಒರೆಸಿ, “ನಿಮ್ಮ ತಾಯಿ ಹೇಗಿದ್ದಾರೆ?” ಎಂದು ಕೇಳಿ, ಆಮೇಲೆ ಬಡ್ತಿಯ ಪಟ್ಟಿಯಲ್ಲಿ ಅಪ್ಪನ ಹೆಸರಿನ ಮೇಲೆ ಗೆರೆ ಎಳೆದರಂತೆ. ಎಂಟು ಬಿಲ್ಲೆ ಅಲ್ಲೇ ಉಳಿದವು, ಖಾಲಿ ಡಬ್ಬಿ ಮನೆಗೆ ಬಂತು; ಕಾಣೆಯಾದದ್ದನ್ನು ಅದರಲ್ಲಿ ತಂದೊಪ್ಪಿಸುವವರೆಗೆ ಡ್ಯೂಟಿ ಇಲ್ಲ. ಡ್ಯೂಟಿ ಇಲ್ಲದ ದಿನಕ್ಕೆ ಸಂಬಳವೂ ಇಲ್ಲ, ಮೈಲಿಯೂ ಇಲ್ಲ. ನಾವು ನಿಂತ ಗಾಡಿಯಾದೆವು.

ಆ ಎರಡು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಎಲ್ಲಿ ಕಾಲಿಟ್ಟರೆ ಏನೋ ಎಂದು ಗೋಡೆಗೆ ಒರಗಿ ಸಾಲಾಗಿ ಕೂತಿರುತ್ತಿದ್ದೆವು. ಸೀನನನ್ನು ಸರದಿಯ ಮೇಲೆ ತೊಡೆಯ ಮೇಲಿಟ್ಟುಕೊಂಡೆವು. ಅಜ್ಜಿಗೆ ಬಲಗಿವಿಯಲ್ಲಿ ಇಡೀ ದಿನ ಗಾಡಿ ಓಡುತ್ತಿತ್ತಂತೆ. “ನಿಮ್ಮಪ್ಪನ ಗಾಡಿ ನನ್ ಕಿವಿಯಾಗೆ ಸೇರ್ಕೊಂಡೈತೆ, ಮಗ. ಸದ್ಯ, ಈ ಗಾಡಿ ನಿಲ್ಲಾಕಿಲ್ಲ, ಪೂರಾ ಮೈಲೇಜು,” ಎಂದು ಅಪ್ಪನನ್ನು ನಗಿಸಲು ನೋಡಿದಳು. ಅಪ್ಪ ನಗಲಿಲ್ಲ.

ಊಟ ಗೋಡೆಯಾಚೆಯಿಂದ ಬರುತ್ತಿತ್ತು. ದೊರೆಸ್ವಾಮಿಯವರ ಹೆಂಡತಿ ಕಮಲಕ್ಕ ಮೂರು ಹೊತ್ತೂ ಐದು ಜನರಿಗೆ ಹೆಚ್ಚಾಗುವಷ್ಟು ಬೇಯಿಸಿ ತಂದಳು. ಅಮ್ಮ ಯಾರ ಗೀಟುಗಳನ್ನು ನೋಡಿ ಒಂದು ವರ್ಷ ಕುದ್ದಿದ್ದಳೋ ಅವರ ಅನ್ನ. ಎರಡನೆಯ ದಿನ ಪಾತ್ರೆ ತೆಗೆದುಕೊಳ್ಳಲು ಬಂದ ಕಮಲಕ್ಕ ಅಡುಗೆಮನೆಯ ಬಾಗಿಲ ಹಿಂದೆ ನೋಡಿಬಿಟ್ಟಳು.

“ಇದೇನೇ ಜಯಾ? ನಾವು, ಅವರು?”

ಅಮ್ಮ ತಲೆ ಎತ್ತಲಿಲ್ಲ. ನಾನೇ ಹೇಳಿದೆ, ಗೀಟೆಂದರೆ ಏನೆಂದು. ಕಮಲಕ್ಕ ತಮ್ಮ ಸಾಲಿನ ಗೀಟುಗಳನ್ನು ಬೆರಳಿಟ್ಟು ಎಣಿಸಿದಳು. ನಗುತ್ತಾಳೋ ಜಗಳವಾಡುತ್ತಾಳೋ ತಿಳಿಯಲಿಲ್ಲ.

“ಇಷ್ಟು ದಿನ ಮನೇಲಿದ್ರಾ ಇವ್ರು? ನಂಗೇ ಗೊತ್ತಿರ್ಲಿಲ್ಲ ನೋಡು. ನಿದ್ದೇಲಿ ಬಾಯಲ್ಲೇ ಸೀಟಿ ಊದ್ತಾರೆ ಕಣೇ. ಮೊನ್ನೆ ನನ್ನ ಹಸಿರು ಸೀರೆ ಸೆರಗು ಹಿಡ್ಕೊಂಡು ಗಾಡಿ ಬಿಡ್ತಿದ್ರು.”

ಅಮ್ಮ ನಕ್ಕಳು. ನಕ್ಕದ್ದೇ ಅಳುವಾಯಿತು. ಕಮಲಕ್ಕ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, ನನಗೆ ಹೊರಗೆ ಹೋಗು ಎಂದು ಕಣ್ಸನ್ನೆ ಮಾಡಿದಳು.

ಮಂಗಳವಾರ ಮಧ್ಯಾಹ್ನ ಅಜ್ಜಿಗೆ ಬಾಯಿ ರುಚಿ ಕೆಟ್ಟಿದೆಯೆಂದು ಕಮಲಕ್ಕ ತನ್ನ ಮನೆಯಲ್ಲಿ ಸಂಡಿಗೆ ಕರಿಯಲು ಕೂತಳು. ನಮ್ಮದೇ ಸಂಡಿಗೆ. ಭಾನುವಾರದ ಗಲಾಟೆಯಲ್ಲಿ ಮಂಚ ಉರುಳಿದಾಗ, ಜನ ತುಳಿಯುತ್ತಾರೆಂದು ಪಂಚೆಯನ್ನು ಹಾಗೇ ಸುತ್ತಿ ತನ್ನ ಮನೆಗೆ ಒಯ್ದಿದ್ದಳು. ಮಾರನೆಯ ದಿನ ತನ್ನ ಹಿತ್ತಿಲಲ್ಲಿ ಒಣಹಾಕಿ, ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿ, ಬಟ್ಟೆಯಿಂದ ನೇರ ಮೊರಕ್ಕೆ ಉದುರಿಸಿ ರಾಶಿ ಹಾಕಿದ್ದಳು. ನಾನು ಮೊರದ ಪಕ್ಕ ಕೂತು ಒಂದೊಂದೇ ಎತ್ತಿ ಬಾಣಲೆಗೆ ಬಿಡುತ್ತಿದ್ದೆ. ಅವಳು ಜಾಲರಿಯಲ್ಲಿ ತಿರುವಿ ತೆಗೆಯುತ್ತಿದ್ದಳು. ನನ್ನ ಕಣ್ಣು ಎಣ್ಣೆಯ ಮೇಲೆ. ಸಂಡಿಗೆ ಅರಳುವುದನ್ನು ನೋಡುವುದೆಂದರೆ ಆ ದಿನಗಳಲ್ಲಿ ಸಿಕ್ಕಿದ ಮೊದಲ ಸುಖ. ಒಂದು ಬಿಟ್ಟೆ. ಅರಳಿತು. ಇನ್ನೊಂದು ಬಿಟ್ಟೆ. ಅರಳಿತು. ಮೊರಕ್ಕೆ ನೋಡದೆಯೇ ಕೈ ಹಾಕಿ ಮತ್ತೊಂದು ಎತ್ತಿದೆ.

ಸಂಡಿಗೆಗೆ ತೂಕವಿರುವುದಿಲ್ಲ.

ನನ್ನ ಕೈ ಆಗಲೇ ಎಣ್ಣೆಯ ಮೇಲಿತ್ತು. ಬೆರಳಿಗೆ ಎಣ್ಣೆಯ ಕಾವು ತಾಗುತ್ತಿತ್ತು. ಬೆರಳ ನಡುವಿನದು ಭಾರವಾಗಿತ್ತು.

“ಬಿಡೇ ರತ್ನಾ, ಎಣ್ಣೆ ಹೊಗೆಯಾಡ್ತಿದೆ,” ಅಂದಳು ಕಮಲಕ್ಕ.

ನಾನು ಬಿಡಲಿಲ್ಲ. ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಕೈ ಅಲ್ಲೇ ನಿಂತುಬಿಟ್ಟಿತ್ತು. ಒಣಗಿದ ಹಿಟ್ಟಿನ ಬಿಳಿ ಪದರದ ಕೆಳಗೆ, ಒಳಕ್ಕೆ ಮಡಿಸಿಕೊಂಡ ಸೀಸದ ಪಟ್ಟಿಯ ಅಂಚು ಇಷ್ಟೇ ಇಷ್ಟು ಕಾಣುತ್ತಿತ್ತು. ಸೀನ ಸಂಡಿಗೆ ಮಾಡಿದ್ದ. ಭಾನುವಾರ ಬೆಳಿಗ್ಗೆ ನಾವು ಅತ್ತ ತಿರುಗಿದ್ದಾಗ ಒಂದು ಬಿಲ್ಲೆಯನ್ನು ಹಸಿ ಹಿಟ್ಟಿನಲ್ಲಿ ಅದ್ದಿ, ಉಳಿದ ಸಂಡಿಗೆಯ ಸಾಲಿನಲ್ಲಿ ಅಚ್ಚುಕಟ್ಟಾಗಿ ಇಟ್ಟಿದ್ದ. ಮೂರು ದಿನದಿಂದ ಅದನ್ನೇ ಹೇಳುತ್ತಿದ್ದ.

“ಕಮಲಕ್ಕ, ಬಾಣಲೆ ಕೆಳಗಿಳಿಸಿ,” ಎಂದೆ. ನನ್ನ ದನಿ ಹೇಗಿತ್ತೋ, ಅವಳು ಏನೂ ಕೇಳದೆ ಸೆರಗಿನಿಂದಲೇ ಹಿಡಿದು ಇಳಿಸಿದಳು. ಆಮೇಲಷ್ಟೇ ನನ್ನ ಕೈ ಹಿಂದಕ್ಕೆ ಬಂತು. ಎರಡೂ ಅಂಗೈ ಮೇಲಿಟ್ಟುಕೊಂಡು, ತುಂಬಿದ ಬಟ್ಟಲು ಹಿಡಿದವಳಂತೆ ಹೆಜ್ಜೆ ಎಣಿಸುತ್ತ ನಮ್ಮ ಮನೆಗೆ ನಡೆದೆ. ಅಪ್ಪ ಜರಡಿ ಹಿಡಿದು ಅದೇ ಬೂದಿಯನ್ನು ಮೂರನೆಯ ಸಲ ಸೋಸುತ್ತಿದ್ದ. ನೋಡಿದ. ಎದ್ದು ಬಂದು, ನನ್ನ ಅಂಗೈಯಿಂದ ಅದನ್ನು ಎತ್ತಿಕೊಂಡು, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದ. ಆಮೇಲೆ ನನ್ನ ಎರಡೂ ಕೈ ಹಿಡಿದು ಒಂದೊಂದೇ ಬೆರಳನ್ನು ಮುಟ್ಟಿ ನೋಡತೊಡಗಿದ. ಹತ್ತೂ ಇದ್ದವು.

“ತಪ್ಪು ನಂದಪ್ಪ. ನಾನೇ ಮಂಜು ಅಂದೆ,” ಎಂದು ಆಗ ಹೇಳಿದೆ. ಮೂರು ದಿನದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು.

“ಮಂಜೇ ಮಗಳೇ. ಏನ್ ತಪ್ಪು ಹೇಳ್ದೆ? ಮಿಕ್ಕಿದ್ದು ನಾನು ಹೇಳ್ಬೇಕಿತ್ತು.”

ಅಪ್ಪ ಅವತ್ತೇ ಸಂಜೆ ಡಬ್ಬಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದ. ಅವನ ಹೆಸರು ಮತ್ತೆ ಗೂಡ್ಸಿನ ಸರದಿಗೆ ಸೇರಿತು. ಅಮ್ಮ ಒಲೆ ಹಚ್ಚಿದಳು. ಬೆಂಕಿ ಹತ್ತಿಕೊಂಡಾಗ ನಾವೆಲ್ಲ ಬಾಗಿಲಾಚೆ ನಿಂತು ನೋಡಿದೆವು. ಸೌದೆ ಚಟ್ ಅಂದಿತು. ಅಷ್ಟೇ. ಅವತ್ತು ಬಹಳ ದಿನದ ಮೇಲೆ ಸಾರಿಗೆ ಒಗ್ಗರಣೆ ಬಿತ್ತು, ಸಾಸಿವೆ ಸಿಡಿಯಿತು, ಯಾರೂ ಬೆಚ್ಚಿಬೀಳಲಿಲ್ಲ ಎಂದು ಬರೆದರೆ ಸುಳ್ಳಾದೀತು. ಎಲ್ಲರೂ ಬೆಚ್ಚಿಬಿದ್ದೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿ ಊಟ ಮಾಡಿದೆವು.

ಪ್ಯಾಸೆಂಜರ್ ಗಾಡಿ ಅಪ್ಪನಿಗೆ ಸಿಕ್ಕಿದ್ದು ವರ್ಷಗಳಾದ ಮೇಲೆ. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಒಮ್ಮೆ ಅರ್ಥಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಕಾಲಂ ಎಳೆದು, ಒಂದೇ ಇಲಾಖೆಯ ಎರಡು ಕೆಲಸಗಳ ಸಂಬಳವನ್ನೂ ಕೆಲಸದ ಸ್ಥಿತಿಯನ್ನೂ ಹೋಲಿಸಿ ಎಂದರು. ಎಲ್ಲರೂ ಬರೆದರು. ನಾನು ಎರಡು ಗೆರೆ ಎಳೆದು ಕೂತೆ. ಕಿಟಕಿಯ ಸರಳನ್ನು ತಿರುಗಿಸುವ ಕೈಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ.

ಮತ್ತೆ ಒಲೆ ಹಚ್ಚಿದ ಮಾರನೆಯ ದಿನ, ಆ ಬುಧವಾರ ಬೆಳಿಗ್ಗೆ, ನನಗೆ ಎಚ್ಚರವಾದದ್ದು ಬಾಗಿಲ ಬಡಿತಕ್ಕೆ. ಕಣ್ಣಿಗೆ ಬ್ಯಾಟರಿ ಹಾಕಿದಷ್ಟು ಬಿಸಿಲು. ಅಮ್ಮ ಕೂದಲು ಸುತ್ತಿಕೊಳ್ಳುತ್ತ ಗಾಬರಿಯಿಂದ ಬಾಗಿಲು ತೆರೆದಳು. ಪುಸ್ತಕದ ಸಾಬರು ನಿಂತಿದ್ದರು. ಗಾರ್ಡುಗಳ ಮನೆಮನೆಗೆ ಬಂದು, ಇಷ್ಟು ಹೊತ್ತಿಗೆ ಇಂಥ ಗಾಡಿ ಎಂದು ಹೇಳಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೋಗುವುದು ಅವರ ಕೆಲಸ. ಬಿಳಿ ಗಡ್ಡ, ಕಂಕುಳಲ್ಲಿ ಉದ್ದನೆಯ ಪುಸ್ತಕ.

“ಏನಮ್ಮಾ ಇದು! ರಾತ್ರಿ ಬಂದು ಬಡ್ದೆ, ಬಡ್ದೆ, ಕೈ ನೋವು ಬಂತು. ಕಿಟಕಿ ಹತ್ರ ಕೂಗ್ದೆ. ಒಬ್ರೂ ಏಳ್ಲಿಲ್ಲ. ಗಾಡಿ ಬೇರೆಯೋರ್ ತಗೊಂಡ್ ಹೋದ್ರು. ನಂಜಪ್ಪನೋರು ಮನೇಲಿಲ್ಲ ಅಂತ ಬರ್ಕೊಂಡ್ಬಿಡ್ಲಾ? ಹಂಗಂದ್ರೆ ಗೈರುಹಾಜರಿ ಆಗ್ತದೆ ನೋಡಿ, ಸಂಬಳ ಹಿಡೀತಾರೆ.”

ಅಮ್ಮ ಒಳಗೆ ತಿರುಗಿ ನೋಡಿದಳು. ಕಿವುಡಾದ ಕಿವಿಯನ್ನು ಮೇಲೆ ಮಾಡಿ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಸೀನನ ಕಾಲು ಅವಳ ಹೊಟ್ಟೆಯ ಮೇಲಿತ್ತು. ಅವರಾಚೆ ಅಪ್ಪ ಅಂಗಾತ ಬಿದ್ದಿದ್ದ, ಕಣ್ಣಿನ ಮೇಲೆ ಬಟ್ಟೆಯೂ ಇಲ್ಲದೆ.

“ಇದ್ರು ಸಾಬ್ರೇ,” ಅಂದಳು ಅಮ್ಮ. “ಎಲ್ಲಾರೂ ಇದ್ವಿ. ಸಂಬಳ ಹಿಡಿದ್ರೆ ಹಿಡೀಲಿ. ಇಲ್ಲ ಅಂತ ಬರೀಬೇಡಿ. ಮಲಗಿದಾರೆ ಅಂತ ಬರೀರಿ.”

“ಇಲ್ಲ ಅನ್ನೋಕೆ ಒಂದು ಅಡ್ಡಗೆರೆ ಸಾಕು. ಇದನ್ನ ಇಂಗ್ಲಿಷ್‌ನಲ್ಲಿ ಬರೀಬೇಕಲ್ಲಮ್ಮಾ, ನಂಗೆಲ್ಲಿ ಬರ್ತದೆ!”

ಅಮ್ಮ ಪುಸ್ತಕವನ್ನೂ ಪೆನ್ಸಿಲನ್ನೂ ನನ್ನ ಕಡೆ ಚಾಚಿದಳು. ನನಗೆ ಆ ಪದ ಗೊತ್ತಿತ್ತು. ಸಣ್ಣ ಪದ, ಮೊದಲ ವರ್ಷದ ಪಾಠದಲ್ಲೇ ಬಂದದ್ದು. ಆದರೂ ಈ ಸಲ ನಾನು ಕೂಡಲೇ ಬರೆಯಲಿಲ್ಲ. ಪೆನ್ಸಿಲ್ ಹಿಡಿದುಕೊಂಡು ಒಳಗೆ ಹೋಗಿ ಅಪ್ಪನ ಪಕ್ಕ ಕೂತೆ. ಅವನ ಎರಡೂ ಕೈಗಳು ಚಾಪೆಯ ಮೇಲೆ ಬಿಚ್ಚಿಕೊಂಡು ಬಿದ್ದಿದ್ದವು, ಏನನ್ನೂ ಹಿಡಿದಿರಲಿಲ್ಲ, ಏನನ್ನೂ ತಿರುಗಿಸುತ್ತಿರಲಿಲ್ಲ. ಎದೆ ಏಳುವುದನ್ನೂ ಇಳಿಯುವುದನ್ನೂ ಹತ್ತು ಸಲ ಎಣಿಸಿದೆ. ಆಮೇಲೆ ಬಂದು ಬರೆದೆ.